ಫೋನ್ ಬಾರದ ಇ-ರೀಡರ್

ಕುಸುಮಾ,

ಇವತ್ತು ಹೊನ್ನಾಳಿ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗೆ ಹೋಗಿದ್ದೆ. ಸಣ್ಣ ಅಕ್ಷರ ಈಗ ನನಗೆ ಕಾಣುವುದಿಲ್ಲ. ಓದುವುದಕ್ಕೆ ಟ್ಯಾಬ್ ಕೊಳ್ಳಲೋ, ಇ-ರೀಡರ್ ಕೊಳ್ಳಲೋ ಎಂದು ತಿಂಗಳಿಂದ ಯೋಚಿಸುತ್ತಿದ್ದೆ.

“ಬರೀ ಓದಾಕೆ ಅಂದ್ರೆ ಇ-ರೀಡರ್ ತರಿಸಿಕೊಡ್ತೀನಿ ಮೇಡಂ, ಕಣ್ಣು ಉರಿಯಲ್ಲ,” ಎಂದರು ಅಂಗಡಿಯವರು. “ಟ್ಯಾಬಲ್ಲಿ ಪುಟಕ್ಕೆ ಮೂರು ಫೋನ್ ಬರ್ತವೆ. ಇ-ರೀಡರ್‌ನಾಗೆ ಫೋನೇ ಬರಲ್ಲ, ನಿಮ್ಮ ಯಜಮಾನ್ರೂ ನಿಮ್ಮನ್ನ ಹಿಡಿಯಾಕಾಗಲ್ಲ!”

ನಾನೂ ನಕ್ಕೆ. ನೀನು ಜೊತೆಗಿದ್ದಿದ್ದರೆ, “ಇವಳಿಗೆ ಅದೇ ಕೊಡ್ರಿ, ಓದಾಕೆ ಕುಂತ್ರೆ ಮನೆಗೆ ಬೆಂಕಿ ಬಿದ್ರೂ ಏಳಲ್ಲ” ಅನ್ನುತ್ತಿದ್ದೆ.

ನಿಮ್ಮಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನ ನೀನು ನಾಲ್ಕು ಸಲ ಫೋನ್ ಮಾಡಿದ್ದೆ. ಮಲಗಿದ್ದೆ ಎಂದು ಆಮೇಲೆ ಹೇಳಿದೆನಲ್ಲ, ಮಲಗಿರಲಿಲ್ಲ. ಈ ಇಂಗ್ಲಿಷ್ ಮೀಡಿಯಂನವಳಿಗೆ ಕನ್ನಡದ ರುಚಿ ಹತ್ತಲಿ ಎಂದು ನೀನೇ ಕೊಟ್ಟಿದ್ದ ಕಾದಂಬರಿ ಓದುತ್ತಿದ್ದೆ. ಪರದೆಯ ಮೇಲೆ ನಿನ್ನ ಹೆಸರು ನೋಡಿಯೂ, ಅಧ್ಯಾಯ ಮುಗಿಸಿ ಮಾತಾಡೋಣವೆಂದು ಪುಟ ತಿರುವಿದ್ದೆ. ಮುಗಿಸುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದರು. ಆಮೇಲೆ ಆರು ವರ್ಷದಿಂದ ನಿನ್ನ ಫೋನ್ ಬಂದಿಲ್ಲ.

ಟ್ಯಾಬನ್ನೇ ತಂದೆ. ಹತ್ತು ಪುಟಕ್ಕೇ ಕಣ್ಣು ಉರಿಯುತ್ತಿದೆ. ನನ್ನ ಹಳೇ ನಂಬರಿನ ಸಿಮ್ಮನ್ನೇ ಹಾಕಿಸಿ, ನಿನ್ನ ನಂಬರ್ ಸೇರಿಸಿದ್ದೇನೆ. ಓದುವಾಗಲೂ ಸದ್ದು ಜೋರಾಗಿಯೇ ಇಟ್ಟಿರುತ್ತೇನೆ.

ಪ್ರಮೀಳಾ