ಬೆರ್ತಾಚಿಗೆ ಒಂದು ತೊಟ್ಟೂ ಇಲ್ಲ

ಮಾರೀನೊ
ಸೋಮವಾರ, ೨೦ ಅಕ್ಟೋಬರ್ ೧೯೫೮

ಪ್ರೀತಿಯ ತಮ್ಮಾ ದುಯೀಲಿಯೊ,

ಹೇಗಿದ್ದೀಯಪ್ಪಾ? ಬೆಲ್ಜಿಯಂನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ನಾನು ಹೆಣೆದು ಕಳಿಸಿದ ಉಣ್ಣೆ ಕಾಲುಚೀಲ ಹಾಕ್ಕೊಳ್ತಿದ್ದೀಯೋ, ಇಲ್ಲಾ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡ್ತಿದ್ದೀಯೋ? ಅಲ್ಲಿಯವರ ಬಿಯರ್‌ಗೆ ನಾಲಿಗೆ ಒಗ್ಗಿಸ್ಕೊಂಡಿದ್ದರೆ, ನಮ್ಮ ಮನೆ ಬಾಗಿಲಲ್ಲಿ ಬಾಯಿ ಮುಕ್ಕಳಿಸಿಯೇ ಒಳಗೆ ಬರಬೇಕು, ನೆನಪಿರಲಿ. ನಾನು ಗಟ್ಟಿಮುಟ್ಟಾಗಿದ್ದೀನಿ, ಮಂಡಿನೋವು ಇದ್ದದ್ದೇ. ದ್ರಾಕ್ಷಿ ಕೊಯ್ಲು ಮುಗೀತು. ನೆಲಮಾಳಿಗೆಯಲ್ಲಿ ಪೀಪಾಯಿಗಳು ಹಗಲೂ ರಾತ್ರಿ ಗುಳುಗುಳು ಅಂತಿವೆ. ಈ ಸಲದ ವೈನ್ ಚೆನ್ನಾಗಾಗತ್ತೆ.

ಈಗ ಕೂತ್ಕೊಂಡು ಓದು. ಅಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ಪಡಖಾನೆ ಕೊಳ್ಳೋಕೆ ಶನಿವಾರ ಸಂಜೆ ರೋಮ್‌ನಿಂದ ಬೆರ್ತಾಚಿ ಅನ್ನೋ ಮಹಾಶಯ ಬಂದಿದ್ದ. ಬಂದವನೇ ಕಲ್ಲಂಗಡಿ ಕೊಳ್ಳೋರ ಹಾಗೆ ಗೋಡೆಗಳನ್ನೆಲ್ಲ ತಟ್ಟಿ ನೋಡಿದ. ಆಮೇಲೆ ಕೂತು, "ಊಟಕ್ಕೇನಿದೆ?" ಅಂದ. "ಇಲ್ಲಿ ಮಾರೋದು ವೈನ್ ಮಾತ್ರ. ಊಟಕ್ಕೆ ನೀವೇನು ಕಟ್ಟಿಸ್ಕೊಂಡು ಬಂದಿದ್ದೀರೋ ಅದೇ" ಅಂದೆ. ತಮಾಷೆ ಅಂದ್ಕೊಂಡು ನಕ್ಕ, ಪೆದ್ದ! ಸುತ್ತಲೂ ನಮ್ಮವರು ಬುತ್ತಿ ಬಿಚ್ಚಿದ್ದರು. ಒಂದು ಕಡೆ ಹಂದಿಚರ್ಮ ಹಾಕಿ ಬೇಯಿಸಿದ ಹುರುಳಿಕಾಯಿ ಬೀಜ, ಇನ್ನೊಂದು ಕಡೆ ಕುರಿಹಾಲಿನ ಚೀಸ್, ಸುಟ್ಟ ಅಣಬೆ. ಗಾರೆ ಕೆಲಸದ ಕ್ವಿರೀನೊ ಸೋಂಪು ತುಂಬಿ ಹುರಿದ ಹಂದಿಮಾಂಸ ತಂದಿದ್ದ. ಬರಿಗೈಲಿ ಬಂದೋರನ್ನ ನಾವು ಯಾವತ್ತು ಹಸಿದು ಕೂರಿಸಿದ್ದೀವಿ? ಕ್ವಿರೀನೊ ತನ್ನ ಬ್ರೆಡ್ಡು, ಮಾಂಸದಲ್ಲಿ ಅರ್ಧ ಬೆರ್ತಾಚಿ ಮುಂದಿಟ್ಟ.

ಅದನ್ನ ತಿಂದು, ಬೆರಳು ನೆಕ್ಕಿ, ಆಮೇಲೆ ಹೇಳ್ತಾನೆ: ಇಲ್ಲಿ ದೊಡ್ಡ ಅಡುಗೆಮನೆ ಬರತ್ತಂತೆ, ಮೇಜಿಗೆ ಬಿಳಿ ಬಟ್ಟೆ ಹಾಸ್ತಾನಂತೆ, "ಬುತ್ತಿ ತರೋರನ್ನ ಇನ್ಮೇಲೆ ಒಳಗೆ ಬಿಡೋ ಹಾಗಿಲ್ಲ." ತಿಂದದ್ದು ಯಾರದಪ್ಪಾ, ಪುಣ್ಯಾತ್ಮಾ? ನನಗೂ ಕೆಲಸ ಇಟ್ಟಿದ್ದಾನೆ. ಕೆಂಪು ಲಂಗ, ಕಸೂತಿ ಕುಪ್ಪಸ ಹಾಕ್ಕೊಂಡು ಗಿರಾಕಿಗಳಿಗೆ ಬಡಿಸಬೇಕಂತೆ. ಅರವತ್ತೊಂದನೇ ವಯಸ್ಸಲ್ಲಿ ನನಗೆ ವೇಷ ಕಟ್ಟಿಸ್ತಾನಂತೆ! ಮೈಯೆಲ್ಲಾ ಉರಿದುಹೋಯ್ತು.

ಆಗ ಕ್ವಿರೀನೊ ಮೆತ್ತಗೆ, "ಬನ್ನಿ ಸ್ವಾಮಿ, ಒಂದಾಟ ಆಡೋಣ" ಅಂದ. ಪೊಲೀಸರು ಬೇಡ ಅಂದಷ್ಟೂ ನಮ್ಮವರು ಆಡ್ತಾರಲ್ಲ, ಅದೇ ಆಟ. ಬೆರ್ತಾಚಿಗೆ ಗೊತ್ತಿಲ್ಲ, ಹೇಳಿಕೊಟ್ಟೆವು: ವೈನ್ ಎಲ್ಲರ ದುಡ್ಡಿಂದು, ಆದರೆ ಇಸ್ಪೀಟು ಯಾರನ್ನ ಒಡೆಯ ಮಾಡತ್ತೋ ಅವನು ಹೇಳಿದೋರಿಗೆ ಮಾತ್ರ ಲೋಟ. ಒಬ್ಬ ಒಣಗಿ ಕೂರಬೇಕು, ಸಿಟ್ಟು ಮಾಡ್ಕೊಂಡರೆ ಸೋತ ಹಾಗೆ. ಕ್ವಿರೀನೊ ಇನ್ನೊಂದು ಕುರ್ಚಿ ಎಳೆದು, "ಸೆತ್ತೀಮಿಯಕ್ಕಾ, ನೀನೂ ಕೂತ್ಕೋ" ಅಂದ. ಅಪ್ಪ ಇದ್ದಾಗ ನಾನು ಆ ಮೇಜಿಗೆ ಹೂಜಿ ತಂದಿಟ್ಟು ಹೋಗ್ತಿದ್ದೋಳು. ಶನಿವಾರ ಕೂತೆ ಕಣೋ! ಇಸ್ಪೀಟು ನನ್ನನ್ನೇ ಒಡತಿ ಮಾಡ್ತು.

ಕ್ವಿರೀನೊಗೆ ಕೊಟ್ಟೆ, ಅವನ ಪಕ್ಕದವನಿಗೆ ಕೊಟ್ಟೆ, ಬೆರ್ತಾಚಿಯನ್ನ ದಾಟಿ ಮತ್ತೆ ಕ್ವಿರೀನೊಗೇ ಕೊಟ್ಟೆ. ಬೆರ್ತಾಚಿ ಮೊದಲು ನಕ್ಕ. ಆಮೇಲೆ ಕೆಮ್ಮಿ ಸೂಚನೆ ಕೊಟ್ಟ. ಕೊನೆಗೆ ನೀರಾದ್ರೂ ಕೊಡಿ ಅಂದ. "ದ್ರಾಕ್ಷಿ ಹಬ್ಬದ ದಿನ ಬಂದಿದ್ರೆ ಚೌಕದ ಕಾರಂಜಿಯಲ್ಲಿ ವೈನೇ ಬರ್ತಿತ್ತು. ಈಗ ಬರೀ ನೀರು, ಹೋಗಿ ಕುಡೀರಿ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಮೇಜು ಗುದ್ದಿ ಎದ್ದ. "ನಿಮ್ಮ ತಮ್ಮ ಒಪ್ಪಿ ಬರೆದಾಗಿದೆ. ಅರ್ಧ ಜಾಗ ನಂದೇ ಅಂತ ತಿಳ್ಕೊಳ್ಳಿ!"

ನಗು ನಿಂತುಹೋಯ್ತು, ಎಲ್ಲರೂ ನನ್ನ ಮುಖ ನೋಡ್ತಿದ್ದಾರೆ. ಅಲ್ವೋ, ಅಕ್ಕನಿಗೆ ಒಂದು ಮಾತು ಹೇಳದೆ ರೋಮ್‌ನವನಿಗೆ ಬರೆದೆಯಾ? ಅಷ್ಟು ಜನರ ಮುಂದೆ ಅಳು ನುಂಗಿಕೊಂಡೆ. "ಹೂಜಿ ಖಾಲಿಯಾಗೋ ತನಕ ಇಲ್ಲಿ ಒಡತಿ ನಾನು, ಖಾಲಿಯಾದ ಮೇಲೂ ನಾನೇ" ಅಂತ ಕೊನೇ ಲೋಟ ಅವನ ಕಣ್ಣೆದುರಿಗೇ ನಾನು ಕುಡಿದೆ. ಟೊಪ್ಪಿ ತಗೊಂಡು ಹೊರಟುಹೋದ.

ತಿಳ್ಕೋ, ನಾನು ಸಹಿ ಹಾಕಲ್ಲ. ಅವನಿಗೂ ಸೊಪ್ಪು ಹಾಕಲ್ಲ, ನಿನಗೂ ಹಾಕಲ್ಲ. "ನಿನಗೆ ವಯಸ್ಸಾಯ್ತು, ಸುಮ್ನೆ ಮಾರಿಬಿಡು" ಅಂತ ಹೋದ ಕಾಗದದಲ್ಲಿ ಬರೆದಿದ್ದೀಯಲ್ಲ, ನನ್ನ ವಯಸ್ಸಿನ ಚಿಂತೆ ನಿನಗೆ ಬೇಡ. ಇಡೀ ಬೀದಿಯವರು ಬುತ್ತಿ ಹಿಡ್ಕೊಂಡು ಬಂದು ಒಂದೇ ಮೇಜಿಗೆ ಕೂರೋ ಜಾಗ ಊರಲ್ಲಿ ಇದೊಂದೇ ಉಳಿದಿರೋದು. ನಾನು ಇರೋ ತನಕ ಇರತ್ತೆ.

ಕ್ವಿರೀನೊ ನಿನ್ನನ್ನ ಕೇಳಿದೆ ಅಂತ ಬರಿ ಅಂದಿದ್ದಾನೆ. ನಮ್ಮೂರ ಸಂತ ಬರ್ನಾಬಾ ನಿನ್ನ ಕಾಯಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಮೇಲೆ ಸಿಟ್ಟಾಗಿರುವ ಅಕ್ಕ,
ಸೆತ್ತೀಮಿಯಾ

ಮರೆತ ಮಾತಲ್ಲ, ಈಗ ತಿಳಿದದ್ದು: ಕಾಗದ ಮಡಚ್ತಾ ಇದ್ದೆ, ನಿನ್ನ ಜೊತೆ ಬೆಲ್ಜಿಯಂ ಗಣಿಗೆ ಹೋದ ರೆಮೀಜೊ ರಜಕ್ಕೆ ಬಂದೋನು ಒಳಗೆ ಬಂದ. ಈಸ್ಟರ್‌ನಿಂದ ನೀನು ಗಣಿಗೇ ಇಳಿದಿಲ್ವಂತೆ. ಎದೆಯೊಳಗೆಲ್ಲ ಕಲ್ಲಿದ್ದಲ ಪುಡಿಯಂತೆ, ನಾಲ್ಕು ಮೆಟ್ಟಿಲು ಹತ್ತೋಕೆ ಆಗಲ್ವಂತೆ. ಅಕ್ಕನಿಗೆ ಹೊರೆಯಾಗಬಾರದು ಅಂತ ಪಾಲು ಮಾರಿ ಅಲ್ಲೇ ಆಸ್ಪತ್ರೆಯಲ್ಲಿ ಬಿದ್ದಿರ್ತೀಯಂತೆ. ಯಾರೋ ನಿನ್ನ ಹೊರೆ ಅಂದೋರು? ಪಡಖಾನೆಯ ಹಿಂದಿನ ಕೋಣೆಗೆ ಕ್ವಿರೀನೊ ಈಗಲೇ ಸುಣ್ಣ ಹೊಡೀತಿದ್ದಾನೆ, ನಿನ್ನ ಮಂಚ ಅಲ್ಲಿಗೇ ಬರತ್ತೆ. ಒಂದು ಮೆಟ್ಟಿಲೂ ಇಲ್ಲ. ರೆಮೀಜೊ ಶನಿವಾರ ವಾಪಸ್ ಹೊರಡ್ತಾನೆ, ಅಲ್ಲಿಂದ ನಿನ್ನನ್ನ ಊರಿನ ರೈಲು ಹತ್ತಿಸ್ತಾನೆ. ನೀನು ಹತ್ತಲಿಲ್ಲ ಅಂದ್ರೆ ನಾನೇ ಬರ್ತೀನಿ. ಜನ್ಮದಲ್ಲಿ ರೋಮ್ ದಾಟದೋಳು, ಭಾಷೆ ಬರಲ್ಲ, ದಾರಿ ಗೊತ್ತಿಲ್ಲ. ಆದರೂ ಬರ್ತೀನಿ.