ಫೌಜಿಯ ಮೊಮ್ಮಗ ಬೆಚ್ಚುವುದಿಲ್ಲ

ನವೆಂಬರ್ 3, ಸೋಮವಾರ. ಗಡಹಿಂಗ್ಲಜ

ಅಭಯನಿಗೆ ಎರಡು ಚಮಚ ರಾಗಿ ಗಂಜಿ ಹೋಯಿತು, ಮೂರನೆಯದು ನನ್ನ ಗೌನಿಗೆ. ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತು. ಬೆಚ್ಚಿದ್ದು ನಾನು. ಅವನು ಚಮಚವನ್ನೇ ನೋಡುತ್ತಿದ್ದ.

ಆಮೇಲೆ ಬೇಕೆಂದೇ ಅವನ ಬೆನ್ನ ಹಿಂದೆ ಸ್ಟೀಲ್ ತಾಟು ಕೆಡವಿದೆ. ತಿರುಗಲಿಲ್ಲ. ಇನ್ನೊಮ್ಮೆ. ಇಲ್ಲ. ಅತ್ತೆ ಹಿತ್ತಲಿಂದ ಓಡಿ ಬಂದರು. ಕೈ ಜಾರಿತು ಅಂದೆ.

ಒಂಬತ್ತು ತಿಂಗಳ ಕೂಸು. ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಒಂದೇ ಉತ್ತರ — ಕಿವಿ ತೋರಿಸಿ. ನಿದ್ದೆ ಹತ್ತುತ್ತಿಲ್ಲ. ಈ ಮನೆಯಲ್ಲಿ ಆ ಮಾತು ಬಾಯಿಗೆ ತರುವುದು ಹೇಗೆ…

ನವೆಂಬರ್ 4

ಕಾಕಾಸಾಹೇಬರು ಬಂದಿದ್ದರು. ಮಾವನ ಜೊತೆ ಫೌಜಿನ ಪಲ್ಟಣದಲ್ಲಿದ್ದವರು, ಈಗ ಮಾಜಿ ಸೈನಿಕರ ಸಂಘದ ಕಾರಭಾರ ಅವರದೇ. ಮಾವ ತೀರಿಹೋಗಿ ತಿಂಗಳ ಮೇಲಾಯಿತು, ಹದಿನಾರಕ್ಕೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದಾರಂತೆ.

"ಸೂನಬಾಯಿ, ನೀವು ಮನಿ ಸೊಸಿ, ಕಾಲೇಜ್ ಕಲತವ್ರು. ನಿಮ್ಮ ಮಾವ ತಾನಾಜಿ ಬಗ್ಗೆ ನಾಕ ಮಾತ ಬರೀರಿ. ಪೋಸ್ಟಿಂಗು, ಮೆಡಲು ನಮಗ ಗೊತ್ತೈತಿ. ಮನಷ್ಯಾ ಹೆಂಗಿದ್ದ, ಅದನ್ನ ಬರೀರಿ."

ಅಭಯ ಮಲಗಿದಾಗ ಬರೆಯಲು ಕೂತೆ.

ಮಾವ ಪೆನ್ಶನ್ ಆಗಿ ಬಂದಾಗ ಬ್ಯಾಂಕಿನ ಗೇಟಿನಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಸಿಕ್ಕಿತ್ತಂತೆ. ಬೇಡ ಅಂದರು. ಗೇಟು ಕಾದದ್ದು ಸಾಕು, ಇನ್ನು ಕುರಿ ಕಾಯುತ್ತೇನೆ ಅಂತ ತಮ್ಮನ ಹಿಂಡಿನ ಜೊತೆ ಗುಡ್ಡಕ್ಕೆ ಹೊರಟುಬಿಟ್ಟರು. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ಕುರಿ ತರುಬಿದರೆ ಆ ಹೊಲದಲ್ಲೇ ಕಂಬಳಿ ಹಾಸುವರು. ಸ್ಲ್ಯಾಬಿನ ಕೆಳಗೆ ಉಸಿರು ಕಟ್ಟುತ್ತದೆ ಅನ್ನುವರು. ಮಂಚ ಕೊಡಿಸಿದ್ದೆವು. ಅದರ ಮೇಲೆ ಈಗ ಒಗೆದ ಅರಿವೆ.

ಡೊಳ್ಳು ಅವರ ಜೀವ. ಹಿಮದ ಪೋಸ್ಟಿನಲ್ಲಿ ಡೊಳ್ಳಿಲ್ಲದೆ ತುಪ್ಪದ ಖಾಲಿ ಡಬ್ಬಿ ಬಾರಿಸಿ ಕುರಿಗಾಹಿಗಳ ಓವಿ ಹಾಡಿದ್ದರಂತೆ. ಪಂಜಾಬಿ ಜವಾನರು ಅರ್ಥ ತಿಳಿಯದೆ ಕುಣಿದರಂತೆ. ಈ ಕಥೆ ಪ್ರತಿ ಸಲ ಬೇರೆ ಬೇರೆ — ಒಮ್ಮೆ ಡಬ್ಬಿ ಒಡೆಯುತ್ತಿತ್ತು, ಒಮ್ಮೆ ಆಫೀಸರ್ ಸಾಹೇಬರೇ ಕುಣಿಯುತ್ತಿದ್ದರು.

ಹೋದದ್ದೂ ಹೊಲದಲ್ಲೇ. ಬೆಳಿಗ್ಗೆ ಕಂಬಳಿಯಿಂದ ಏಳಲಿಲ್ಲ.

ಇಷ್ಟು ಬರೆದೆ. ಬರೆಯಲಾಗದ್ದು ಒಂದಿದೆ.

ಇಚಲಕರಂಜಿಯಲ್ಲಿ ನನ್ನ ತವರು. ಹೆರಿಗೆ ಅಲ್ಲೇ. ಗೋಡೆಯಾಚೆ ಪವರ್‌ಲೂಮ್, ಹಗಲೂ ರಾತ್ರಿ ಖಟಖಟ. ಮಗು ಆ ಸದ್ದಿಗೆ ಏಳುವುದಿಲ್ಲ ಅಂದಾಗ ಅವ್ವ ನಕ್ಕಳು. ಮಗ್ಗದ ಗಲ್ಲಿಯ ಕೂಸುಗಳೆಲ್ಲ ಹಾಗೇ ಅಂದಳು. ನಾನೂ ಹಾಗೇ ಬೆಳೆದವಳು. ತೊಟ್ಟಿಲಿಗೆ ಹಾಕುವ ದಿನ ಮಾವ ಡೊಳ್ಳಿನ ಮೇಳವನ್ನೇ ಗಲ್ಲಿಗೆ ಕರೆತಂದರು. ಓಣಿಯ ನಾಯಿಗಳೆಲ್ಲ ಓಡಿದವು. ತೊಟ್ಟಿಲಲ್ಲಿ ಇವನು ಕದಲಲಿಲ್ಲ. ಮಾವ ಎತ್ತಿ ಎಲ್ಲರಿಗೂ ತೋರಿಸಿದರು.

"ಫೌಜಿ ಮೊಮ್ಮಗ ಇಂವ. ತೋಪ ಹಾರಿದ್ರೂ ಬೆಚ್ಚೂದಿಲ್ಲ."

ಹೆಸರೂ ಅವರೇ ಇಟ್ಟರು. ಆ ಮಾತು ಇಚಲಕರಂಜಿಯಿಂದ ಇಲ್ಲಿಯ ತನಕ ಎಲ್ಲರ ಬಾಯಲ್ಲಿ. ನಾನೂ ಹೇಳಿದ್ದೇನೆ, ಹೆಮ್ಮೆಯಿಂದ.

ನವೆಂಬರ್ 7

ಹೇಳಿಬಿಟ್ಟೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಅಭಯನಿಗೆ ಕೇಳಿಸುತ್ತಿಲ್ಲ ಅನಿಸುತ್ತದೆ, ಕೊಲ್ಲಾಪುರದ ದವಾಖಾನೆಗೆ ಒಯ್ಯೋಣ ಅಂದೆ. ಕೈ ನಿಂತಿತು. ತಲೆ ಎತ್ತಲಿಲ್ಲ.

"ಸತ್ತವರ ಮಾತ ಸುಳ್ಳ ಮಾಡಾಕ ಹೊಂಟೀಯೇನ?"

ಅವರೇ ಮುಂದುವರಿಸಿದರು. ಮಾವ ಡೊಳ್ಳಿನ ಮೇಲೆ ಬೋರಲು ಮಲಗಿಸಿ ಬಾರಿಸಿದರೆ ಕೂಸು ಕೇಕೆ ಹಾಕುತ್ತಿತ್ತಲ್ಲ, ಕೇಳದೆ ನಗುತ್ತಾನೇನು ಅಂತ. ನಾನೂ ಅದನ್ನೇ ಹಿಡಿದುಕೊಂಡು ಇಷ್ಟು ದಿನ ಕಳೆದದ್ದು. ಆದರೆ ಹೊಟ್ಟೆಯ ಕೆಳಗೆ ಚರ್ಮ ನಡುಗಿದರೆ ಯಾವ ಕೂಸಾದರೂ ನಗುತ್ತದೆ.

ಗಂಡ ದತ್ತಾ ಇರುವುದು ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ, ವಾರಕ್ಕೊಮ್ಮೆ ಮನೆಗೆ. ಫೋನಿನಲ್ಲಿ ಹೇಳಿದೆ. ಅವ್ವ ಅಪ್ಪನ ದುಃಖದಿಂದ ಈಗಷ್ಟೇ ಎದ್ದು ಕೂತಿದ್ದಾಳೆ, ಸ್ವಲ್ಪ ತಡಿ ಅಂದರು. ಎಷ್ಟು ತಡೆಯಲಿ? ಮಾತು ಕಲಿಯುವ ಕಾಲ ಇದು. ಕಾಲ ನಿಲ್ಲುತ್ತದೆಯೇ…

ನವೆಂಬರ್ 16

ಸಭೆ ಆಯಿತು. ಫೋಟೋಕ್ಕೆ ಹಾರ, ಮುಂದೆ ಅವರ ಕ್ಯಾಪು. ಬರೆದದ್ದನ್ನು ಓದಿದೆ. ತುಪ್ಪದ ಡಬ್ಬಿಗೆ ಮುದುಕರೆಲ್ಲ ನಕ್ಕರು. ಒಬ್ಬರು ಎದ್ದು, ಕುಣಿದದ್ದು ಸಾಹೇಬರಲ್ಲ ನಾನು ಅಂದರು. ಫೌಜಿ ಮೊಮ್ಮಗನ ಮಾತು ಓದಲಿಲ್ಲ.

ಚಹಾ ಕುಡಿಯುವಾಗ ಕಾಕಾಸಾಹೇಬರು ಬಂದು ಅಭಯನ ಗಲ್ಲ ಹಿಂಡಿದರು. ಅತ್ತೆ ಪಕ್ಕದಲ್ಲೇ ಇದ್ದರು.

"ಕಿವಿ ತೋರಿಸಿದ್ರಿ ಏನ್ರಿ ಇವಂದು? ತಾನಾಜಿ ಕೇಳಿದ್ದ ನನಗ. ಮಿಲ್ಟ್ರಿ ದವಾಖಾನ್ಯಾಗ ಸಣ್ಣ ಕೂಸಿನ ಕಿವಿ ನೋಡ್ತಾರೇನು ಅಂತ. ಕೇಳಿ ಹೇಳ್ತೇನಿ ಅಂದಿದ್ದೆ… ಅಷ್ಟರಾಗ ಹೋಗೇಬಿಟ್ಟ."

ಅತ್ತೆ ಎದ್ದು ಚಪ್ಪಲಿ ಹುಡುಕತೊಡಗಿದರು.

ಮಾವನಿಗೆ ಗೊತ್ತಿತ್ತು. ಡೊಳ್ಳಿನ ಮೇಲೆ ಮಲಗಿಸುವುದು, ಕೆಳಗಿಳಿಸಿ ದೂರದಿಂದ ಬಾರಿಸುವುದು, ಮತ್ತೆ ಮುಖ ನೋಡುವುದು — ಆಟ ಅಂದುಕೊಂಡಿದ್ದೆ. ಪರೀಕ್ಷೆ ಮಾಡುತ್ತಿದ್ದರು. ಅದೇ ದಿನಗಳಲ್ಲಿ ಓಣಿಯವರು ಫೌಜಿ ಮೊಮ್ಮಗ ಅಂದರೆ ಸುಮ್ಮನೆ ಮೀಸೆ ತಿರುವುತ್ತಿದ್ದರು. ನನಗೊಂದು ಮಾತು ಹೇಳಲಿಲ್ಲ. ಸಿಟ್ಟು ಬರುತ್ತದೆ. ಸಿಟ್ಟು ತೋರಿಸಲು ಮನುಷ್ಯನೇ ಇಲ್ಲ.

ನವೆಂಬರ್ 17

ಬೆಳಿಗ್ಗೆ ನೋಡಿದರೆ ಅತ್ತೆ ಅಭಯನ ಚೀಲ ತುಂಬುತ್ತಿದ್ದಾರೆ. ಕೊಲ್ಲಾಪುರಕ್ಕೆ ಯಾವಾಗ ಹೋಗುವುದು ಅಂತ ಕೇಳಿದರು. ಅಷ್ಟೇ. ದವಾಖಾನೆಗೆ ಫೋನು ಮಾಡಿದೆ. ಮುಂದಿನ ಮಂಗಳವಾರ ಬನ್ನಿ ಅಂದರು.

ನವೆಂಬರ್ 25, ಮಂಗಳವಾರ. ಕೊಲ್ಲಾಪುರ ಎಸ್.ಟಿ. ಸ್ಟ್ಯಾಂಡು

ಬಸ್ಸು ಇನ್ನೂ ಬಂದಿಲ್ಲ. ಬರೆಯದಿದ್ದರೆ ಇಲ್ಲೇ ಅತ್ತುಬಿಡುತ್ತೇನೆ.

ಅಭಯನಿಗೆ ನಿದ್ದೆಯ ಸಿರಪ್ ಕುಡಿಸಿದರು. ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿದರು. ಸ್ಕ್ರೀನಿನ ಮೇಲೆ ಗೆರೆ ಓಡುತ್ತಿತ್ತು. ಡಾಕ್ಟರಮ್ಮ ಕಿವಿಗೆ ಬಿಡುವ ಸದ್ದು ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಗೆರೆ ನೇರ ಗೆರೆಯಾಗೇ ಉಳಿಯಿತು. ಎರಡೂ ಕಿವಿ. ಹುಟ್ಟಿನಿಂದಲೇ. ಕಿವಿಗೆ ಮಷೀನು ಹಾಕಿ ನೋಡೋಣ, ಆಮೇಲೆ ಆಪರೇಶನ್ ವಿಚಾರ. ಹೊತ್ತು ಮೀರಿಲ್ಲ, ಆದರೆ ಇನ್ನು ತಡ ಮಾಡಬೇಡಿ ಅಂದರು.

ಸ್ಟ್ಯಾಂಡಿಗೆ ಬಂದ ಕೂಡಲೇ ದತ್ತಾ ಫೋನು. ಅತ್ತೆ ನನ್ನ ಕೈಯಿಂದ ಇಸಿದುಕೊಂಡರು.

"ದತ್ತಾ, ಕೂಸಿಗಿ ಕೇಳಸೂದಿಲ್ಲಪಾ. ಎರಡೂ ಕಿವಿ." ಫೋನನ್ನು ಇನ್ನೊಂದು ಕಿವಿಗೆ ಒತ್ತಿಕೊಂಡರು. "ನಿಮ್ಮಪ್ಪ ನನಗ ಹೇಳಿದ್ರು. ಎಲ್ಲಾರೂ ಹಿಗ್ಗ್ಯಾರ, ದೀಪಾವಳಿ ಒಂದ ಆಗಲಿ, ಸೊಸಿ ಸರಿತಾಗ ನಾನ ಹೇಳ್ತೇನಿ, ನೀ ಬಾಯಿ ಬಿಡಬ್ಯಾಡ ಅಂದಿದ್ರು. ಅವರ ಹೇಳಬೇಕಿತ್ತೋ. ನಾ ಹೆಂಗ ಹೇಳ್ಲಿ?"

ಫೋನು ನನಗೆ ಕೊಟ್ಟರು. ಆಮೇಲೆ ಮಾಡುತ್ತೇನೆ ಅಂದು ಇಟ್ಟೆ.

ಅತ್ತೆಗೆ ಬೈಯಬೇಕು. ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಅಕ್ಕಿ ಆರಿಸುತ್ತ ನನಗೇ ಹಾಗಂದರು. ತಿರುಗಿದೆ. ಅತ್ತೆ ಸೆರಗಿನಿಂದ ಅಭಯನ ಹಣೆಯ ಅಂಟು ಒರೆಸುತ್ತಿದ್ದರು. ಒರೆಸುತ್ತ ಅವನಿಗೆ ಏನೋ ಹೇಳುತ್ತಿದ್ದವರು ನಡುವೆ ನಿಲ್ಲಿಸಿದರು. ನನ್ನನ್ನು ನೋಡಿದರು.

"ಇನ್ನ ಇವನ ಕೂಡ ಹೆಂಗ ಮಾತಾಡಬೇಕವಾ?"

ಬಸ್ಸು ಬಂತು. ಜನ ಎದ್ದರು. ಅವರು ಎದ್ದಿಲ್ಲ, ಉತ್ತರಕ್ಕೆ ಕಾಯುತ್ತ ಕೂತೇ ಇದ್ದಾರೆ. ಅಭಯ ಅವರ ತುಟಿಗಳನ್ನೇ ನೋಡುತ್ತಿದ್ದಾನೆ, ಎಷ್ಟು ಗಮನವಿಟ್ಟು ಅಂದರೆ, ಮಾತು ಅಲ್ಲೇ ಕಾಣುತ್ತದೆ ಅನ್ನುವ ಹಾಗೆ.