ಮಾವನ ಮಗಳು ಎಂದು ಬರೆಯಲು ನಿಮ್ಮ ಅರ್ಜಿಯಲ್ಲಿ ಜಾಗವಿಲ್ಲ

ಉಚಿತ ಜೆನೆಟಿಕ್ ತಪಾಸಣಾ ಯೋಜನೆಯ ಮಾನ್ಯ ನಿರ್ದೇಶಕರೇ,

ಸುಂಕದಕಟ್ಟೆಯ ನಾಲ್ಕು ವರ್ಷದ ಧ್ರುವನ ರಕ್ತ ಐದು ತಿಂಗಳಿಂದ ನಿಮ್ಮ ಫ್ರಿಜ್ಜಿನಲ್ಲಿದೆ. ಅವನ ತಾಯಿ ಸುವರ್ಣಾ ಈಗ ಹದಿನಾಲ್ಕು ವಾರಗಳ ಗರ್ಭಿಣಿ. ಆ ರಕ್ತ ಇನ್ನೂ ಪರೀಕ್ಷೆಗೆ ಹೋಗದಿರಲು ಕಾರಣ ಅರ್ಜಿಯಲ್ಲಿರುವ ಒಂದು ‘ಇಲ್ಲ’. ಅದನ್ನು ಬರೆದವಳು ನಾನು.

ಧ್ರುವ ಇನ್ನೂ ಕೂರುವುದಿಲ್ಲ, ಮಾತಾಡುವುದಿಲ್ಲ. ಕುಕ್ಕರ್ ಕೂಗಿದರೆ ಕೇಕೆ ಹಾಕಿ ನಗುತ್ತಾನೆ. ಮೂರು ಆಸ್ಪತ್ರೆಗಳು ಮೂರು ಊಹೆ ಹೇಳಿದವು. ಕೊನೆಗೆ ಒಬ್ಬ ವೈದ್ಯೆ ಬಿಡಿಸಿ ಹೇಳಿದರು: ತಂದೆ ತಾಯಿ ಇಬ್ಬರಲ್ಲೂ ಒಂದೇ ವಂಶವಾಹಿಯ ದೋಷ ಅಡಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಯಾವ ದೋಷವೆಂದು ಧ್ರುವನ ರಕ್ತ ಹೇಳಿದ ಮೇಲಷ್ಟೇ ಹೊಟ್ಟೆಯಲ್ಲಿ ಬೆಳೆಯುವ ಮಗುವನ್ನು ಪರೀಕ್ಷಿಸಬಹುದು, ಅದೂ ಇಪ್ಪತ್ತು ವಾರದ ಒಳಗಾದರೆ ಒಳ್ಳೆಯದು.

ಅವರ ಮನೆಯ ಮೇಲಿನ ಮಹಡಿಯವಳಾದ ನಾನೇ ಅರ್ಜಿ ತುಂಬಿದೆ. ‘ಪೋಷಕರ ನಡುವೆ ರಕ್ತಸಂಬಂಧವಿದೆಯೇ?’ ಎಂಬುದು ನಿಮ್ಮ ಪ್ರಶ್ನೆ. ಧ್ರುವನ ಅಜ್ಜಿ, ಕೊಪ್ಪಳ ಕಡೆಯ ದುರ್ಗವ್ವ, ನಕ್ಕೇಬಿಟ್ಟರು.

“ಯವ್ವಾ, ನಮ್ಮ ಬೆಡಗ ಬ್ಯಾರೆ, ಸುವರ್ಣಾನ ಬೆಡಗ ಬ್ಯಾರೆ. ರಕ್ತ ಒಂದ ಇದ್ದಿದ್ರ ಲಗ್ನ ಹೆಂಗ ಮಾಡ್ತಿದ್ವಿ?”

ಬೆಡಗು ಎಂದರೆ ತಂದೆಯಿಂದ ಇಳಿದು ಬರುವ ವಂಶ. ‘ಇಲ್ಲ’ ಎಂದು ಬರೆದೆ. ಹೋದ ತಿಂಗಳು ಚಹಾ ಕುಡಿಯುವಾಗ ತಿಳಿಯಿತು: ಸುವರ್ಣಾ ದುರ್ಗವ್ವನವರ ಸ್ವಂತ ಅಣ್ಣನ ಮಗಳು. ಅವರ ಮಗ, ಧ್ರುವನ ತಂದೆ ಅಮರೇಶ ಮದುವೆಯಾಗಿದ್ದು ಸೋದರಮಾವನ ಮಗಳನ್ನು! ದುರ್ಗವ್ವ ಸುಳ್ಳು ಹೇಳಿರಲಿಲ್ಲ. ಅವರ ಕಡೆ ರಕ್ತ ತಂದೆಯ ದಾರಿಯಲ್ಲಷ್ಟೇ ಹರಿಯುತ್ತದೆ. ಕರಪತ್ರ ಓದಿ ಎಲ್ಲ ಬಲ್ಲೆ ಎಂದುಕೊಂಡಿದ್ದ ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು.

‘ಹೌದು’ ಎಂದವರ ಕಡತ ನಿಮ್ಮಲ್ಲಿ ತುರ್ತು ಸರದಿಗೆ, ‘ಇಲ್ಲ’ ಎಂದವರದ್ದು ವರ್ಷ ಕಾಯುವ ಸರದಿಗೆ. ದುರ್ಗವ್ವ, ಸುವರ್ಣಾ, ನಾನು ತಿದ್ದಿಸಲು ಹೋದೆವು. ನಿಮ್ಮ ಕೌಂಟರಿನವರ ಉತ್ತರ ಕೇಳಿ:

“ತಿದ್ದಕ್ಕೆ ಇದೇನು ರೇಷನ್ ಕಾರ್ಡಾ ಅಮ್ಮಾ? ಹೊಸ ಅರ್ಜಿ ಹಾಕಿ, ತುರ್ತಾದ್ರೂ ಸರದಿ ಕೊನೆಯಿಂದಲೇ ಬರತ್ತೆ.”

“ಹೊಟ್ಟ್ಯಾಗಿನ ಕೂಸಿಗೂ ಸರದ್ಯಾಗ ನಿಂದರು ಅಂತ ನೀವ ಹೇಳ್ರಿ ಸಾಹೇಬ್ರ,” ಎಂದರು ದುರ್ಗವ್ವ.

ಕೌಂಟರಿನವರು ಸುವರ್ಣಾ ಕಡೆ ತಿರುಗಿ, “ಗೊತ್ತಾಗಿ ಏನ್ ಮಾಡ್ತೀರಾ?” ಎಂದರು. ಅವಳು ತಲೆ ತಗ್ಗಿಸಲಿಲ್ಲ: “ಏನ ಮಾಡ್ತೀನಿ ಅನ್ನೂದು ನನ್ನ ಮಾತು. ಮದಲ ಗೊತ್ತರ ಆಗ್ಲಿ.”

ಮಾನ್ಯರೇ, ಈ ಪ್ರಶ್ನೆ ಬರೆದ ತಜ್ಞರು ಯಾವ ದೇಶದವರು? ಅಕ್ಕನ ಮಗಳು, ಅತ್ತೆಯ ಮಗಳು ಮದುಮಗಳಾಗಿ ಕೂತ ಮದುವೆಯಲ್ಲಿ ಒಮ್ಮೆಯೂ ಊಟ ಮಾಡಿಲ್ಲವೇ? ಪೆನ್ನಿನಲ್ಲಿ ಬರೆದದ್ದನ್ನು ನಂಬುವ ನಿಮ್ಮ ಕಚೇರಿಗೆ, ಎದುರು ನಿಂತು “ನನ್ನ ಅಣ್ಣನ ಮಗಳು” ಎನ್ನುವ ಅಜ್ಜಿಯನ್ನು ನಂಬಲು ಏನು ಅಡ್ಡಿ? ನನ್ನ ತಪ್ಪಿಗೆ ನನ್ನನ್ನು ಬೈಯಿರಿ, ಅರ್ಹಳು. ಆದರೆ ಇದೇ ಪ್ರಶ್ನೆಗೆ ಇದೇ ‘ಇಲ್ಲ’ ಬರೆದ ಇನ್ನೆಷ್ಟು ಕಡತಗಳು ನಿಮ್ಮಲ್ಲಿ ಮಲಗಿವೆ? ಯಾರಾದರೂ ಒಂದನ್ನಾದರೂ ತೆರೆದು ನೋಡಿದ್ದಾರೆಯೇ?

ಸುವರ್ಣಾ, ಅಮರೇಶರ ರಕ್ತವನ್ನೂ ತೆಗೆದುಕೊಂಡು, ಧ್ರುವನದ್ದೂ ಸೇರಿ ಮೂವರದ್ದನ್ನೂ ಈ ವಾರವೇ ಪರೀಕ್ಷೆಗೆ ಕಳಿಸಿ. ಅರ್ಜಿಯ ಆ ಪ್ರಶ್ನೆ ಹೊಡೆದುಹಾಕಿ, ಮನೆಮಾತಿನಲ್ಲಿ ಕೇಳಿ: ‘ಮದುವೆಗೆ ಮೊದಲು ಇವರಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕಿತ್ತು?’ ಬೇಗ ಮಾಡಿ. ಬರುವ ಸೋಮವಾರ ಸುವರ್ಣಾಗೆ ಹದಿನೈದು ವಾರ ತುಂಬುತ್ತದೆ.

ಇಂತಿ,
ಈಗ ಯಾರ ಅರ್ಜಿ ತುಂಬಲೂ ಅಂಜುವ
ದಿವ್ಯ, ಸುಂಕದಕಟ್ಟೆ